ಗಾಯದ ಸೊಪ್ಪು, ಸುಟ್ಟ ಗಾಯ: ಎಲೆಗಳನ್ನು ಪರೀಕ್ಷೆಗೆ ಒಡ್ಡಿದ ಕತೆ

ನಂದಿದುರ್ಗ ಅಂದರೆ ಹೊರಗಿನವರಿಗೆ ಚಿಕ್ಕಬಳ್ಳಾಪುರದ ಹತ್ತಿರದ ಬೆಟ್ಟ ನೆನಪಾಗುತ್ತದೆ. ಬಂಗಾರಪೇಟೆ, ಕೆಜಿಎಫ್ ಕಡೆಯ ನಮಗೆ ಅದು ಒಂದು ಚಿನ್ನದ ಗಣಿಯ ಹೆಸರು. ಮೈಸೂರು ಮೈನ್, ಚಾಂಪಿಯನ್ ರೀಫ್, ಊರಿಗಾಂ, ಬಾಲಘಾಟ್ ಇದ್ದ ಹಾಗೆ ನಂದಿದುರ್ಗ ಮೈನ್. ಗಣಿ ಮುಚ್ಚಿ ಎರಡು ದಶಕ ದಾಟಿದೆ. ಲೈನು ಮನೆಗಳ ಸಂದಿಯಲ್ಲಿ, ರೈಲು ಹಳಿಯ ಪಕ್ಕದಲ್ಲಿ ಈಗ ಕಳೆ ಗಿಡಗಳದ್ದೇ ರಾಜ್ಯ.

ಆ ಕಳೆಗಳಲ್ಲಿ ಒಂದನ್ನು ನೀವೆಲ್ಲ ನೋಡಿರುತ್ತೀರಿ. ನೆಲಕ್ಕೆ ಒರಗಿಕೊಂಡೇ ಹಬ್ಬುತ್ತದೆ. ಉದ್ದನೆಯ ತೊಟ್ಟಿನ ತುದಿಯಲ್ಲಿ ಒಂದೇ ಒಂದು ಪುಟ್ಟ ಹೂವು, ನಡುವೆ ಹಳದಿ, ಅಂಚಿಗೆ ಬಿಳಿ ಎಸಳು. ತಮಿಳು ಮಾತಾಡುವ ಮನೆಗಳಲ್ಲಿ ಇದು ವೆಟ್ಟುಕ್ಕಾಯ ಪೂಂಡು, ಅಂದರೆ ಕುಯ್ದ ಗಾಯದ ಸೊಪ್ಪು. ತೆಲುಗಿನವರು ಗಡ್ಡಿ ಚಾಮಂತಿ ಅನ್ನುತ್ತಾರೆ. ಕನ್ನಡದ ಪುಸ್ತಕಗಳಲ್ಲಿ ಗಬ್ಬು ಸಣ್ಣ ಶಾವಂತಿ ಎಂಬ ಹೆಸರಿದೆ. ವಿಜ್ಞಾನಿಗಳು ಇಟ್ಟ ಹೆಸರು ಟ್ರೈಡ್ಯಾಕ್ಸ್ ಪ್ರೊಕಂಬೆನ್ಸ್. ಕುಡುಗೋಲು ತಾಗಿ ಕೈ ಕುಯ್ದರೆ ಇದರ ಎಲೆಯನ್ನು ಅಂಗೈಯಲ್ಲಿ ಉಜ್ಜಿ ರಸ ಹಿಂಡುವುದು ಮೂರೂ ಭಾಷೆಯವರಿಗೆ ಗೊತ್ತು.

ತಮಾಷೆ ಏನೆಂದರೆ ಇದು ನಮ್ಮ ನೆಲದ ಗಿಡವೇ ಅಲ್ಲ. ಮೆಣಸಿನಕಾಯಿ, ಟೊಮೆಟೊ ಬಂದ ಹಾಗೆ ಅಮೆರಿಕ ಖಂಡದ ಬಿಸಿ ನಾಡುಗಳಿಂದ ಬಂದದ್ದು. ಚರಕನಿಗೂ ಸುಶ್ರುತನಿಗೂ ಇದರ ಪರಿಚಯ ಇರಲು ಸಾಧ್ಯವಿಲ್ಲ. ಅಂದರೆ "ಸಾವಿರಾರು ವರ್ಷಗಳ ಜ್ಞಾನ" ಎಂಬ ಮಾತು ಈ ಸೊಪ್ಪಿಗೆ ಹೊಂದುವುದಿಲ್ಲ. ಹೊಸದಾಗಿ ಬಂದ ಒಂದು ಕಳೆಯನ್ನು ನಮ್ಮ ಅಜ್ಜಿಯರೇ ಹಚ್ಚಿ ನೋಡಿ, ನೆನಪಿಟ್ಟುಕೊಂಡು, ಹೆಸರು ಕೊಟ್ಟರು. ಅದೂ ಒಂದು ಪರೀಕ್ಷೆಯೇ. ಆದರೆ ಆ ಪರೀಕ್ಷೆಯಲ್ಲಿ ಒಂದು ಕೊರತೆ ಇತ್ತು. ಸೊಪ್ಪು ಹಚ್ಚದೇ ಬಿಟ್ಟಿದ್ದರೆ ಆ ಗಾಯ ಎಷ್ಟು ದಿನದಲ್ಲಿ ಮಾಯುತ್ತಿತ್ತು ಎಂಬುದನ್ನು ಯಾರೂ ಪಕ್ಕದಲ್ಲಿಟ್ಟು ನೋಡಲಿಲ್ಲ.

ಕುಯ್ದ ಗಾಯಕ್ಕೆ ಹಚ್ಚುವ ಸೊಪ್ಪನ್ನೇ ಸುಟ್ಟ ಗಾಯಕ್ಕೂ ಹಚ್ಚುವವರಿದ್ದಾರೆ. ಲೋಳೆಸರ, ಬಾಳೆಎಲೆ, ಜೇನುತುಪ್ಪ ಹಚ್ಚುವವರಿದ್ದಾರೆ. ಹಲ್ಲುಜ್ಜುವ ಪೇಸ್ಟು, ಇಂಕು, ಇಡ್ಲಿ ಹಿಟ್ಟು, ಬೆಣ್ಣೆ, ಕಾಫಿ ಪುಡಿಯವರೂ ಕಡಿಮೆ ಇಲ್ಲ. ಇವುಗಳಲ್ಲಿ ಯಾವುದನ್ನು ಯಾರು, ಎಲ್ಲಿ, ಹೇಗೆ ಪರೀಕ್ಷಿಸಿದರು, ಏನು ಕಂಡರು ಎಂಬ ಚರಿತ್ರೆಯನ್ನು ಇಲ್ಲಿ ಹೇಳುತ್ತಿದ್ದೇವೆ. ಅದರ ಮುಖ್ಯ ಅಧ್ಯಾಯಗಳು ಮಣಿಪಾಲ, ಸೊಲ್ಲಾಪುರ, ಮುಂಬೈಗಳಲ್ಲಿ ನಡೆದವು. ಆದರೆ ಅದರ ಅಗತ್ಯ ನಮ್ಮ ಊರಿನಷ್ಟು ಬೇರೆಲ್ಲೂ ಇರಲಿಕ್ಕಿಲ್ಲ.

ಯಾಕೆಂದರೆ ಗಣಿ ಅಂದರೆ ಬರೀ ಕಲ್ಲು, ಕತ್ತಲೆ ಅಲ್ಲ, ಬೆಂಕಿಯೂ ಹೌದು. 1880ರಲ್ಲಿ ಜಾನ್ ಟೇಲರ್ ಆಂಡ್ ಸನ್ಸ್ ಕಂಪನಿ ಇಲ್ಲಿಗೆ ಬಂದಾಗ ಯಂತ್ರಗಳು ಓಡುತ್ತಿದ್ದದ್ದು ಬಾಯ್ಲರಿನ ಹಬೆಯಿಂದ. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. ಆಮೇಲೂ ಸಿಡಿಮದ್ದು ಇತ್ತು, ಆಸಿಡ್ ಇತ್ತು, ಚಿನ್ನ ಕರಗಿಸುವ ಕುಲುಮೆ ಇತ್ತು. ಚಿನ್ನ ಕರಗಲು 1,064 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಲೈನು ಮನೆಗಳ ಒಳಗೋ, ಒಂದೇ ಕೋಣೆ, ಅದರಲ್ಲೇ ಒಲೆ, ಅಲ್ಲೇ ಮಕ್ಕಳು.

ಗಾಯವಾದವರಿಗೆ ಚಾಂಪಿಯನ್ ರೀಫ್ಸ್‌ನಲ್ಲಿ ಗಣಿಯದೇ ದೊಡ್ಡ ಆಸ್ಪತ್ರೆ ಇತ್ತು. ಎಣಿಸಿ ನೋಡುವುದರ ಶಕ್ತಿ ಏನೆಂದು ಕೆಜಿಎಫ್‌ಗೆ ಗೊತ್ತಾದದ್ದು ಗಣಿಯ ವೈದ್ಯರಿಂದಲೇ. 1940ರ ದಶಕದಲ್ಲಿ ಅವರು 7,653 ಕಾರ್ಮಿಕರ ಎದೆಯನ್ನು ಪರೀಕ್ಷಿಸಿದರು. ನೂರಕ್ಕೆ ಸುಮಾರು 44 ಮಂದಿಗೆ ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಇತ್ತು. ಅಲ್ಲಿಯವರೆಗೆ ಅದು "ಮೈನ್ಸ್ ಕೆಮ್ಮು". ಲೆಕ್ಕ ಹಾಕಿದ ಮೇಲೆ ಯಾರೂ ಅಲ್ಲಗಳೆಯಲಾಗದ ಕಾಯಿಲೆ. ಸುಟ್ಟ ಗಾಯದ ಎಲೆಗಳಿಗೂ ಇಂಥದೇ ಲೆಕ್ಕ ಬೇಕಿತ್ತು. ಅದು ತಡವಾಗಿ ಬಂತು, ಬೇರೆ ಊರುಗಳಲ್ಲಿ ಬಂತು.

ಹಿಂದಿನ ಪುಸ್ತಕಗಳಿಂದಲೇ ಶುರು ಮಾಡೋಣ. ಸುಶ್ರುತ ಸಂಹಿತೆಯಲ್ಲಿ ಸುಟ್ಟ ಗಾಯವನ್ನು ನಾಲ್ಕು ಬಗೆ ಮಾಡಿದ್ದಾರೆ. ಚರ್ಮದ ಬಣ್ಣ ಮಾತ್ರ ಕೆಟ್ಟದ್ದು ಪ್ಲುಷ್ಟ. ಬೊಬ್ಬೆ ಎದ್ದು ಉರಿಯುವುದು ದುರ್ದಗ್ಧ. ಅದಕ್ಕಿಂತ ಮುಂದಿನದು ಸಮ್ಯಗ್ದಗ್ಧ. ಮಾಂಸ ಜೋತುಬಿದ್ದು ನರ, ಮೂಳೆಯವರೆಗೆ ಹೋದದ್ದು ಅತಿದಗ್ಧ. ಇಂದಿನ ವೈದ್ಯರೂ ಸುಟ್ಟ ಗಾಯವನ್ನು ಆಳ ನೋಡಿಯೇ ವಿಂಗಡಿಸುತ್ತಾರೆ. ಆಳ ಬೇರೆಯಾದರೆ ಚಿಕಿತ್ಸೆಯೂ ಬೇರೆ ಎಂಬುದು ಅಷ್ಟು ಹಿಂದೆಯೇ ಹೊಳೆದದ್ದು ದೊಡ್ಡ ವಿಷಯ. ಅತಿದಗ್ಧಕ್ಕೆ ಕೊಳೆತ ಮಾಂಸವನ್ನು ತೆಗೆದುಹಾಕಬೇಕು, ಆಮೇಲೆ ಗಾಯವನ್ನು ಅಮೃತಬಳ್ಳಿಯ ಎಲೆಯಿಂದಲೋ ನೀರಿನಲ್ಲಿ ಬೆಳೆಯುವ ಗಿಡದ ಎಲೆಯಿಂದಲೋ ಮುಚ್ಚಬೇಕು ಎಂದಿದೆ. ಸತ್ತದ್ದನ್ನು ತೆಗೆ, ತೆರೆದದ್ದನ್ನು ಮುಚ್ಚು. ಇವತ್ತಿನ ಬರ್ನ್ಸ್ ವಾರ್ಡಿನಲ್ಲೂ ನಡೆಯುವುದು ಹೆಚ್ಚುಕಡಿಮೆ ಇದೇ.

ಆದರೆ ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ಹಗುರವಾದ ಪ್ಲುಷ್ಟಕ್ಕೆ ತಣ್ಣೀರು ಬೇಡ, ಬಿಸಿ ಕೊಡಬೇಕು ಎನ್ನುತ್ತದೆ ಸಂಹಿತೆ. ತಣ್ಣೀರು ರಕ್ತವನ್ನು ಹೆಪ್ಪುಗಟ್ಟಿಸುತ್ತದೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಇವತ್ತಿನ ಸಲಹೆ ಇದಕ್ಕೆ ಪೂರಾ ತಿರುಗುಮುರುಗು. ಒಂದೇ ಪುಸ್ತಕದ ಒಂದೇ ಅಧ್ಯಾಯದಲ್ಲಿ ಒಂದು ಮಾತು ಕಾಲದ ಪರೀಕ್ಷೆಯಲ್ಲಿ ಗೆದ್ದಿತು, ಇನ್ನೊಂದು ಸೋತಿತು. ಹಳೆಯದಾದ್ದರಿಂದ ಸರಿ ಅನ್ನುವವರಿಗೂ, ಹಳೆಯದಾದ್ದರಿಂದ ತಪ್ಪು ಅನ್ನುವವರಿಗೂ ಈ ಅಧ್ಯಾಯ ಕೈಕೊಡುತ್ತದೆ.

ಇನ್ನು ಹೊಸ ವೈದ್ಯದ ಕತೆ. ನಮ್ಮ ಕೋಲಾರ ಸೀಮೆಯ ಬೀಳು ನೆಲದಲ್ಲಿ ಹಳದಿ ಹೂವಿನ ತಂಗಡಿ ಗಿಡ ಬೇಕಾದಷ್ಟಿದೆ. ಅದರ ತೊಗಟೆಯಲ್ಲಿ ಟ್ಯಾನಿನ್ ಎಂಬ ಒಗರು ವಸ್ತು ಹೇರಳ. ದಕ್ಷಿಣ ಭಾರತದಲ್ಲಿ ಚರ್ಮ ಹದ ಮಾಡಲು ಬಹಳ ಕಾಲ ಬಳಸಿದ್ದು ಇದೇ ತೊಗಟೆಯನ್ನು. ಟೀ ಸೊಪ್ಪು, ಅಳಲೆಕಾಯಿಯ ಒಗರೂ ಇದೇ ಜಾತಿಯದು. 1925ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಎಡ್ವರ್ಡ್ ಡೇವಿಡ್ಸನ್ ಎಂಬ ವೈದ್ಯರು ಈ ಗಿಡಮೂಲದ ಟ್ಯಾನಿಕ್ ಆಸಿಡ್ಡನ್ನು ಸುಟ್ಟ ಗಾಯದ ಮೇಲೆ ಸಿಂಪಡಿಸಿದರು. ಸುಟ್ಟ ಚರ್ಮ ಹದವಾದ ತೊಗಲಿನಂತೆ ಗಟ್ಟಿಯಾಗಿ ಹಕ್ಕಳೆ ಕಟ್ಟಿತು. ನೀರು ಸೋರುವುದು ನಿಂತಿತು, ನೋವು ಇಳಿಯಿತು. ಕಣ್ಣಿಗೆ ಕಾಣುವ ಗುಣ. ಹತ್ತು ಹದಿನೈದು ವರ್ಷ ಪ್ರಪಂಚದ ಬಹಳ ಕಡೆ ಸುಟ್ಟ ಗಾಯಕ್ಕೆ ಅದೇ ಮದ್ದು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗಳಲ್ಲೂ ಅದರ ಟ್ಯೂಬು ಬಂತು.

ಎರಡನೇ ಮಹಾಯುದ್ಧದಲ್ಲಿ ಬಣ್ಣ ಬಯಲಾಯಿತು. ವಿಮಾನಕ್ಕೆ ಬೆಂಕಿ ಬಿದ್ದು ಕೈ ಸುಟ್ಟುಕೊಂಡ ಬ್ರಿಟನ್ನಿನ ಪೈಲಟ್‌ಗಳಿಗೆ ಇದನ್ನು ಹಚ್ಚಿದಾಗ ಬೆರಳುಗಳು ಗಟ್ಟಿ ಹಕ್ಕಳೆಯೊಳಗೆ ಸಿಕ್ಕಿ ಮಡಚಲಾಗದೆ ಹೋದವು. ಸಮುದ್ರಕ್ಕೆ ಬಿದ್ದು ಉಪ್ಪುನೀರಿನಲ್ಲಿ ನೆಂದವರ ಗಾಯ ಹೆಚ್ಚು ಚೆನ್ನಾಗಿ ಮಾಯುತ್ತಿರುವುದನ್ನು ಶಸ್ತ್ರವೈದ್ಯ ಆರ್ಚಿಬಾಲ್ಡ್ ಮ್ಯಾಕಿಂಡೋ ಗಮನಿಸಿದರು. ಅವರು ಟ್ಯಾನಿಕ್ ಆಸಿಡ್ ಬಿಟ್ಟು ಉಪ್ಪುನೀರಿನ ಸ್ನಾನಕ್ಕೆ ತಿರುಗಿದರು. 1942ರ ಹೊತ್ತಿಗೆ ಇನ್ನೊಂದು ಸುದ್ದಿ ಬಂತು. ದೊಡ್ಡ ಗಾಯದ ಮೂಲಕ ಒಳಗೆ ಇಳಿದ ಟ್ಯಾನಿಕ್ ಆಸಿಡ್ ಪಿತ್ತಜನಕಾಂಗವನ್ನು, ಅಂದರೆ ಲಿವರನ್ನು, ಕೊಲ್ಲುತ್ತಿತ್ತು. ಮದ್ದು ಮೂಲೆ ಸೇರಿತು.

ಈ ಕತೆಯನ್ನು ಇಷ್ಟು ಉದ್ದಕ್ಕೆ ಹೇಳಿದ್ದಕ್ಕೆ ಕಾರಣವಿದೆ. "ಗಿಡದ್ದು ತಾನೇ, ಒಳ್ಳೆಯದಾಗದಿದ್ದರೂ ಕೆಟ್ಟದ್ದಂತೂ ಆಗಲ್ಲ" ಎಂಬ ಮಾತು ನಮ್ಮಲ್ಲಿ ಬಹಳ. ಚರ್ಮ ಸರಿಯಿದ್ದಾಗ ಆ ಮಾತು ಒಂದು ಮಟ್ಟಿಗೆ ನಡೆಯಬಹುದು. ಚರ್ಮವೇ ಸುಟ್ಟು ಹೋದಾಗ ಬಾಗಿಲೇ ಇಲ್ಲದ ಮನೆ. ಮೇಲೆ ಹಾಕಿದ್ದೆಲ್ಲ ಒಳಗೆ ಹೋಗುತ್ತದೆ.

ಸ್ವಾತಂತ್ರ್ಯ ಬಂದ ಮೇಲೆ ನಮ್ಮ ದೇಶದ ಕಾಲೇಜುಗಳಲ್ಲಿ ಗಿಡಗಳ ಪರೀಕ್ಷೆ ಸಾಲುಸಾಲಾಗಿ ಶುರುವಾಯಿತು. ನಾವು ಮೊದಲು ಹೇಳಿದ ಗಾಯದ ಸೊಪ್ಪಿನ ಸರದಿಯೂ ಬಂತು. 1982ರಲ್ಲಿ ದಿವಾನ್, ಟಿಲ್ಲೂ, ಕುಲಕರ್ಣಿ ಎಂಬ ಮೂವರು ಸಂಶೋಧಕರು ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ಟ್ರೈಡ್ಯಾಕ್ಸ್ ಬಗ್ಗೆ ಬರೆದರು. ಇಲಿಗಳ ಗಾಯದ ಮೇಲೆ ಅದರ ರಸವನ್ನು ನೋಡಿದ್ದರು. ಮಾಯುವ ಕೆಲಸದ ಕೆಲವು ಹಂತಗಳನ್ನು ರಸ ಚುರುಕು ಮಾಡಿತು, ಕೆಲವನ್ನು ನಿಧಾನ ಮಾಡಿತು. "ಸೊಪ್ಪು ಕೆಲಸ ಮಾಡುತ್ತದೆ" ಎಂದೋ "ಮಾಡಲ್ಲ" ಎಂದೋ ಒಂದೇ ಮಾತಿನಲ್ಲಿ ಹೇಳುವ ಫಲಿತಾಂಶವಲ್ಲ ಅದು. 1991ರಲ್ಲಿ ಉಡುಪರು ಮತ್ತು ಜೊತೆಗಾರರು ಅದೇ ಸೊಪ್ಪು ಗಾಯದೊಳಗೆ ಏನು ಮಾಡುತ್ತದೆ ಎಂದು ಇನ್ನೂ ಆಳಕ್ಕೆ ನೋಡಿದರು. ಬಿಲ್ವ, ನುಗ್ಗೆಯನ್ನೂ ಪರೀಕ್ಷಿಸಿದರು.

ಮಾಯುವುದು ಅಂದರೆ ಏನು ಎಂದು ಇಲ್ಲಿ ಸ್ವಲ್ಪ ಹೇಳಬೇಕು. ಚರ್ಮದ ಬಲ ಇರುವುದು ಕೊಲಾಜನ್ ಎಂಬ ನಾರಿನಲ್ಲಿ. ಗಾಯವಾದಾಗ ದೇಹ ಹೊಸ ಕೊಲಾಜನ್ ನೇಯುತ್ತದೆ, ಅಂಚುಗಳನ್ನು ಒಳಕ್ಕೆ ಎಳೆಯುತ್ತದೆ, ಮೇಲೆ ತೆಳು ಚರ್ಮ ಹರಡುತ್ತದೆ. ಚರ್ಮ ಹದ ಮಾಡುವವರಿಗೂ ಮುಖ್ಯ ವಸ್ತು ಇದೇ ಕೊಲಾಜನ್. ಹಾಗಾಗಿಯೇ ಗಾಯ ಮಾಯಿಸುವ ಗಿಡಗಳ ಕೆಲಸ ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಲ್ಲೂ ನಡೆಯಿತು. ಚಪ್ಪಲಿ ತೊಗಲಿನ ಸಂಸ್ಥೆಗೂ ಗಾಯಕ್ಕೂ ಏನು ಸಂಬಂಧ ಎಂದು ನಮಗೂ ಮೊದಲು ಅನ್ನಿಸಿತ್ತು. ಅಲ್ಲಿನ ಸುಗುಣ ಮತ್ತು ಜೊತೆಗಾರರು 1996ರಲ್ಲಿ ನಮ್ಮ ಒಂದೆಲಗದ ಸಾರವನ್ನು ಇಲಿಗಳ ಗಾಯಕ್ಕೆ ಹಚ್ಚಿ, ಕೊಲಾಜನ್ ಹೆಚ್ಚಿದ್ದನ್ನು ಅಳೆದು ತೋರಿಸಿದರು. 2002ರಲ್ಲಿ ಅಳಲೆಕಾಯಿ ಗಿಡದ ಎಲೆಯನ್ನೂ ನೋಡಿದರು.

ಇವೆಲ್ಲ ಕುಯ್ದ ಗಾಯಗಳು. ಸುಟ್ಟ ಗಾಯವನ್ನು ಪರೀಕ್ಷಿಸಲು ಒಂದು ತೊಡಕಿತ್ತು. ಹತ್ತು ಇಲಿಗಳಿಗೆ ಹತ್ತು ಥರ ಸುಟ್ಟರೆ ಹೋಲಿಸುವುದು ಹೇಗೆ? ಒಂದಕ್ಕೆ ಬರೀ ಕೆಂಪಾಗಿ, ಇನ್ನೊಂದಕ್ಕೆ ಮಾಂಸದವರೆಗೆ ಸುಟ್ಟರೆ, ಬೇಗ ಮಾದದ್ದು ಸೊಪ್ಪಿನಿಂದಲೋ ಗಾಯವೇ ಹಗುರವಾಗಿದ್ದರಿಂದಲೋ ಗೊತ್ತಾಗುವುದಿಲ್ಲ. 1997ರಲ್ಲಿ ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನ ಬೈರಿ, ಸೋಮಯಾಜಿ, ರಾವ್ ಅವರು ಇದಕ್ಕೊಂದು ಸರಳ ದಾರಿ ಬರೆದರು. ಅರಿವಳಿಕೆ ಕೊಟ್ಟ ಇಲಿಯ ಬೆನ್ನಿನ ಕೂದಲು ಬೋಳಿಸಿ, 300 ಚದರ ಮಿಲಿಮೀಟರ್ ಬಾಯಿಯ ಲೋಹದ ಕೊಳವೆ ಇಡುವುದು. ಅದರೊಳಗೆ 80 ಡಿಗ್ರಿಯ ಕರಗಿದ ಮೇಣ ಸುರಿಯುವುದು. ಮೇಣ ಗಟ್ಟಿಯಾದ ಮೇಲೆ ತೆಗೆಯುವುದು. ಎಲ್ಲ ಇಲಿಗೂ ಒಂದೇ ಅಗಲ, ಒಂದೇ ಆಳ. ದುಬಾರಿ ಯಂತ್ರ ಬೇಡ. ಸುಟ್ಟ ಗಾಯಕ್ಕೆ ಗಿಡದ ಸಾರ ಪರೀಕ್ಷಿಸುವ ನಮ್ಮ ದೇಶದ ಎಷ್ಟೋ ಕಾಲೇಜುಗಳು ಆಮೇಲೆ ಹಿಡಿದದ್ದು ಈ ದಾರಿಯನ್ನೇ.

ಓದುವಾಗ ಇಲಿಗಳ ಬಗ್ಗೆ ಕನಿಕರ ಬರುತ್ತದೆ, ಬರಬೇಕು ಕೂಡ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಡಿ 1998ರಲ್ಲಿ ಬಂದ ನಿಯಮಗಳ ಪ್ರಕಾರ ಇಂಥ ಪ್ರಯೋಗಕ್ಕೆ ಸಮಿತಿಯ ಒಪ್ಪಿಗೆ ಬೇಕು.

ಮುಂದಿನ ಕೆಲಸ ಲೆಕ್ಕದ್ದು. ಎಲೆಯನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ನೀರಿನಲ್ಲೋ ಆಲ್ಕೋಹಾಲಿನಲ್ಲೋ ಸಾರ ಇಳಿಸಿ, ಮುಲಾಮಿನಲ್ಲಿ ಕಲಸುತ್ತಾರೆ. ಇಲಿಗಳನ್ನು ಗುಂಪು ಮಾಡಿ ಒಂದು ಗುಂಪಿಗೆ ಸಾರ ಕಲಸಿದ ಮುಲಾಮು, ಒಂದಕ್ಕೆ ಬರೀ ಮುಲಾಮು, ಒಂದಕ್ಕೆ ಆಸ್ಪತ್ರೆಯಲ್ಲಿ ಕೊಡುವ ಔಷಧಿ. ಎರಡನೆಯ ಗುಂಪನ್ನು ಗಮನಿಸಿ, ಅಜ್ಜಿಯರ ಪರೀಕ್ಷೆಯಲ್ಲಿ ಇಲ್ಲದೇ ಇದ್ದದ್ದು ಇದೇ. ಪಾರದರ್ಶಕ ಹಾಳೆಯನ್ನು ಗಾಯದ ಮೇಲಿಟ್ಟು ಅಂಚು ಗೀಚಿ, ಎಷ್ಟು ಕುಗ್ಗಿತು ಎಂದು ದಿನ ಬಿಟ್ಟು ದಿನ ಅಳೆಯುತ್ತಾರೆ. ಹಕ್ಕಳೆ ತಾನಾಗಿ ಬಿದ್ದ ದಿನವನ್ನು ಬರೆದಿಡುತ್ತಾರೆ. ಹೊಲಿದ ಗಾಯವಾದರೆ ಬಲ ನೋಡಲು ಒಂದು ಸೊಗಸಾದ ಉಪಾಯವಿದೆ. ಗಾಯದ ಒಂದು ಅಂಚನ್ನು ಬಿಗಿ ಹಿಡಿದು, ಇನ್ನೊಂದಕ್ಕೆ ಪಾತ್ರೆ ಕಟ್ಟಿ, ಅದಕ್ಕೆ ಸಣ್ಣಗೆ ನೀರು ಬಿಡುವುದು. ಗಾಯ ಬಾಯಿ ಬಿಟ್ಟ ಕ್ಷಣ ನೀರು ನಿಲ್ಲಿಸಿ ತೂಗಿದರೆ, ಆ ನೀರಿನ ತೂಕವೇ ಗಾಯದ ಬಲ.

ಇಂಥ ಪರೀಕ್ಷೆಯಲ್ಲಿ ಗೆದ್ದ ಗಿಡಗಳ ಪಟ್ಟಿ ಉದ್ದವಿದೆ. ವಾಟ್ಸಾಪಿನಲ್ಲಿ "ವಿಜ್ಞಾನಿಗಳೇ ಒಪ್ಪಿದ್ದಾರೆ" ಎಂದು ಓಡಾಡುವುದು ಬಹುಪಾಲು ಈ ಪಟ್ಟಿಯೇ. ಅದನ್ನು ಓದುವಾಗ ಮೂರು ವಿಷಯ ನೆನಪಿಡಬೇಕು ಎಂದು ನಮಗನ್ನಿಸುತ್ತದೆ. ಇಲಿಯ ಚರ್ಮ ಸಡಿಲ. ಅದರ ಗಾಯ ಮುಖ್ಯವಾಗಿ ಕುಗ್ಗಿ ಮುಚ್ಚಿಕೊಳ್ಳುತ್ತದೆ, ಮನುಷ್ಯನದು ಹಾಗಲ್ಲ. ಪ್ರಯೋಗಶಾಲೆಯ ಸಾರ ನಮ್ಮ ಅಂಗೈಯ ಎಲೆಯಲ್ಲ. ಅದರಲ್ಲಿ ಮಣ್ಣಿಲ್ಲ, ಮೇಕೆ ತುಳಿದ ಗುರುತಿಲ್ಲ. ಸೈನೈಡ್ ಗುಡ್ಡದ ಬುಡದಲ್ಲಿ ಕಿತ್ತ ಸೊಪ್ಪಿನ ಮಾತಂತೂ ಬೇಡವೇ ಬೇಡ.

ಮೂರನೆಯದು ಹೋಲಿಕೆಯ ಔಷಧಿಯದು. 1968ರಲ್ಲಿ ಅಮೆರಿಕದ ಚಾರ್ಲ್ಸ್ ಫಾಕ್ಸ್ ತಂದ ಸಿಲ್ವರ್ ಸಲ್ಫಾಡಯಜಿನ್ ಎಂಬ ಬಿಳಿ ಮುಲಾಮು ಎಷ್ಟೋ ವರ್ಷ ಸುಟ್ಟ ಗಾಯಕ್ಕೆ ಮೊದಲ ಔಷಧಿಯಾಗಿತ್ತು. ಬಹಳಷ್ಟು ಗಿಡಗಳು ಅದಕ್ಕಿಂತ ಬೇಗ ಗಾಯ ಮಾಯಿಸಿ "ಗೆದ್ದಿವೆ". ಆದರೆ ಅದು ರೋಗಾಣು ಕೊಲ್ಲಲು ಬಂದ ಮುಲಾಮು. ಅದು ಮಾಯುವುದನ್ನು ತುಸು ನಿಧಾನ ಮಾಡುತ್ತದೆ ಎಂದು ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿದ ವಿಮರ್ಶೆಗಳು ಆಮೇಲೆ ಹೇಳಿದವು. ಕುಂಟುವವನ ಜೊತೆ ಓಡಿ ಗೆದ್ದ ಹಾಗೆ.

ಹಾಗಾದರೆ ಮನುಷ್ಯರ ಮೇಲೆ ಪರೀಕ್ಷೆಯಾದದ್ದು? ಇದೆ. ಅದರಲ್ಲಿ ಮುಖ್ಯವಾದದ್ದು ನಡೆದದ್ದು ಕನ್ನಡದವರು ಬಹಳ ಮಂದಿ ಇರುವ ಗಡಿಯಾಚೆಯ ಸೊಲ್ಲಾಪುರದಲ್ಲಿ. ಅಲ್ಲಿನ ಮೆಡಿಕಲ್ ಕಾಲೇಜಿನ ಶಸ್ತ್ರವೈದ್ಯ ಎಂ. ಸುಬ್ರಹ್ಮಣ್ಯಂ 1991ರಲ್ಲಿ ಜೇನುತುಪ್ಪದ ಮೇಲೆ ಮಾಡಿದ ಪ್ರಯೋಗವನ್ನು ಪ್ರಕಟಿಸಿದರು. ಜೇನು ಗಿಡದ ಸಾರವಲ್ಲ, ಹೂವಿನ ಸಾರವನ್ನು ನೊಣ ಪಾಕ ಮಾಡಿದ್ದು. ಆದರೂ ಈ ಕತೆಯಲ್ಲಿ ಅದಕ್ಕೆ ಜಾಗವಿದೆ. 104 ರೋಗಿಗಳು, ಅರ್ಧ ಮಂದಿಗೆ ಜೇನು, ಅರ್ಧ ಮಂದಿಗೆ ಸಿಲ್ವರ್ ಸಲ್ಫಾಡಯಜಿನ್. ಏಳು ದಿನದೊಳಗೆ ಜೇನಿನ ಗುಂಪಿನಲ್ಲಿ ನೂರಕ್ಕೆ 91 ಗಾಯಗಳಲ್ಲಿ ಸೋಂಕು ಹೋಗಿತ್ತು, ಇನ್ನೊಂದು ಗುಂಪಿನಲ್ಲಿ ನೂರಕ್ಕೆ 7ರಲ್ಲಿ ಮಾತ್ರ. 15 ದಿನದಲ್ಲಿ ಮಾದದ್ದು ಜೇನಿನಲ್ಲಿ ನೂರಕ್ಕೆ 87, ಮುಲಾಮಿನಲ್ಲಿ 10.

ಅಂತರ ಇಷ್ಟು ದೊಡ್ಡದಾದಾಗ ಹುಬ್ಬೇರಿಸುವುದು ತಪ್ಪಲ್ಲ. 2015ರಲ್ಲಿ ಕಾಕ್ರೇನ್ ಎಂಬ ಸಂಸ್ಥೆಯ ವಿಮರ್ಶಕರು ಜೇನಿನ ಪ್ರಯೋಗಗಳನ್ನೆಲ್ಲ ಒಟ್ಟು ಮಾಡಿ ತೂಗಿದರು. ಅರೆ ಆಳದ ಸುಟ್ಟ ಗಾಯವನ್ನು ಜೇನು ಸಾಮಾನ್ಯ ಪಟ್ಟಿಗಿಂತ ನಾಲ್ಕೈದು ದಿನ ಬೇಗ ಮಾಯಿಸುತ್ತದೆ ಎಂದರು. ಸುಟ್ಟ ಗಾಯದ ಪ್ರಯೋಗಗಳು ಬಹುಪಾಲು ಒಂದೇ ಕೇಂದ್ರದಿಂದ ಬಂದಿವೆ ಎಂಬುದನ್ನೂ ಎತ್ತಿ ಹೇಳಿದರು. ಎರಡನ್ನೂ ಜೊತೆಯಾಗಿ ಓದಬೇಕು.

ಸುಬ್ರಹ್ಮಣ್ಯಂ ಅವರ ಬಗ್ಗೆ ನಮಗೆ ಗೌರವ ಹೆಚ್ಚಾದದ್ದು ಅವರ ಇನ್ನೊಂದು ಲೇಖನದಿಂದ. ಜೇನಿನಿಂದ ಹೆಸರು ಬಂದ ಮೇಲೂ ಅವರು ಜೇನನ್ನು ಶಸ್ತ್ರಚಿಕಿತ್ಸೆಯ ಎದುರು ನಿಲ್ಲಿಸಿದರು. ಸ್ವಲ್ಪ ಹೆಚ್ಚು ಸುಟ್ಟವರಲ್ಲಿ ಒಂದು ಗುಂಪಿಗೆ ಜೇನಿನ ಪಟ್ಟಿ. ಇನ್ನೊಂದು ಗುಂಪಿಗೆ ಸತ್ತ ಚರ್ಮವನ್ನು ಬೇಗ ಕೆತ್ತಿ ತೆಗೆದು ಬೇರೆ ಕಡೆಯ ಚರ್ಮದ ಕಸಿ. 1999ರಲ್ಲಿ ಫಲಿತಾಂಶ ಬರೆದರು: ಕಸಿಯೇ ಮೇಲು. ತಾವೇ ಎತ್ತಿ ಹಿಡಿದ ಮದ್ದಿನ ಎಲ್ಲೆಯನ್ನು ತಾವೇ ಗೆರೆ ಎಳೆದು ತೋರಿಸಿದ ಹಾಗಾಯಿತು. ಸುಶ್ರುತ ಸಂಹಿತೆಯ "ಸತ್ತದ್ದನ್ನು ತೆಗೆ" ಎಂಬ ಮಾತೂ ಇಲ್ಲೇ ಬಂದು ಸೇರುತ್ತದೆ.

ಮುಂಬೈಯದು ಬಡವರ ಆಸ್ಪತ್ರೆಗಳ ಕತೆ. 1985ರಲ್ಲಿ ಡಾ. ಕೇಸ್ವಾನಿ ಮತ್ತು ಜೊತೆಗಾರರು ಬೇಯಿಸಿದ ಆಲೂಗಡ್ಡೆ ಸಿಪ್ಪೆಯನ್ನು ಬಟ್ಟೆಗೆ ಅಂಟಿಸಿ ಸುಟ್ಟ ಗಾಯಕ್ಕೆ ಪಟ್ಟಿ ಮಾಡಿದರು. 2003ರಲ್ಲಿ ಸಯಾನ್ ಆಸ್ಪತ್ರೆಯ ಡಾ. ಮಾಧುರಿ ಗೋರೆ ಬಾಳೆಎಲೆಯನ್ನು ಬಟ್ಟೆಗೆ ಅಂಟಿಸಿ, ಹಬೆಯ ಒತ್ತಡದಲ್ಲಿ ರೋಗಾಣು ಸಾಯಿಸಿ, ಪಟ್ಟಿಯಾಗಿ ಬಳಸಿ ನೋಡಿದರು. ಗುಣದಲ್ಲಿ ಬಾಳೆಎಲೆ ಆಲೂ ಸಿಪ್ಪೆಗೆ ಸಮ, ಖರ್ಚಿನಲ್ಲಿ ಹನ್ನೊಂದು ಪಟ್ಟು ಅಗ್ಗ. ಬಾಳೆಎಲೆಯಲ್ಲಿ ಮದ್ದೇನೂ ಇರಬೇಕಿಲ್ಲ ಎಂಬುದು ಇಲ್ಲಿನ ವಿಶೇಷ. ಅದು ನುಣುಪು, ತಂಪು, ಗಾಯಕ್ಕೆ ಅಂಟುವುದಿಲ್ಲ, ಬಿಡಿಸುವಾಗ ಹೊಸ ಚರ್ಮ ಕಿತ್ತು ಬರುವುದಿಲ್ಲ. ಸುಟ್ಟವರನ್ನು ಕೇಳಿ, ಪಟ್ಟಿ ಬಿಚ್ಚುವ ಹೊತ್ತು ಸುಟ್ಟ ಹೊತ್ತಿನಷ್ಟೇ ಘೋರ ಎನ್ನುತ್ತಾರೆ. ಊಟದ ಎಲೆಯನ್ನು ಹಾಗೇ ಹರಿದು ಗಾಯಕ್ಕೆ ಸುತ್ತುವುದಲ್ಲ ಇದು. ಹಬೆಯಲ್ಲಿ ಶುದ್ಧ ಮಾಡಿದ್ದೇ ಅದರ ಅರ್ಧ ಗುಣ.

ಲೋಳೆಸರದ ಪರೀಕ್ಷೆಗೂ ಹಳೆಯ ಚರಿತ್ರೆಯಿದೆ. 1935ರಲ್ಲೇ ಅಮೆರಿಕದಲ್ಲಿ ಎಕ್ಸ್‌ರೇಯಿಂದ ಸುಟ್ಟ ಚರ್ಮಕ್ಕೆ ಹಸಿ ಲೋಳೆ ಹಚ್ಚಿ ಗುಣ ಕಂಡದ್ದು ವರದಿಯಾಯಿತು. 2007ರಲ್ಲಿ ಥಾಯ್ಲೆಂಡಿನ ಸಂಶೋಧಕರು ಆವರೆಗಿನ ಪ್ರಯೋಗಗಳನ್ನು ಕೂಡಿಸಿ ನೋಡಿ, ಹಗುರ ಮತ್ತು ಅರೆ ಆಳದ ಗಾಯ ಸುಮಾರು ಒಂಬತ್ತು ದಿನ ಬೇಗ ಮಾಯುತ್ತದೆ ಎಂದರು. 2012ರಲ್ಲಿ ಕಾಕ್ರೇನ್ ವಿಮರ್ಶಕರು ಗಾಯಗಳಿಗೆ ಲೋಳೆಸರ ಬಳಸಲು ಸಾಕಷ್ಟು ಗಟ್ಟಿ ಪುರಾವೆ ಇಲ್ಲ ಎಂದರು. ಜಗಳ ಇನ್ನೂ ಮುಗಿದಿಲ್ಲ. ಆದರೆ ಆಳವಾಗಿ ಸುಟ್ಟ ಗಾಯಕ್ಕೆ ಲೋಳೆಸರ ಸಾಕು ಎಂದು ಇಬ್ಬರೂ ಹೇಳಿಲ್ಲ.

ಭಾರತದಲ್ಲಿ 2009ರಿಂದ ಔಷಧಿಗಳನ್ನು ಮನುಷ್ಯರ ಮೇಲೆ ಪರೀಕ್ಷಿಸುವವರು ಮೊದಲೇ ನೋಂದಾಯಿಸಬೇಕು. ಸೋತ ಪರೀಕ್ಷೆಯನ್ನು ಸದ್ದಿಲ್ಲದೆ ಮುಚ್ಚಿಡುವುದು ಇದರಿಂದ ಕಷ್ಟವಾಯಿತು.

ಈ ಎಲ್ಲದರ ನಡುವೆ ಅತಿ ಅಗ್ಗದ ಮದ್ದೊಂದು ಪರೀಕ್ಷೆಗೆ ಬಂದದ್ದು ಅತಿ ತಡವಾಗಿ. 1950ರ ದಶಕದಲ್ಲಿ ಐಸ್‌ಲ್ಯಾಂಡ್ ದೇಶದ ಓಫೈಗ್ಸನ್ ಎಂಬ ವೈದ್ಯರು ಇಲಿಗಳ ಸುಟ್ಟ ಗಾಯವನ್ನು ತಕ್ಷಣ ತಣ್ಣೀರಿನಲ್ಲಿ ಅದ್ದಿ ನೋಡಿದರು. ಗಾಯದ ಹಾನಿ ಕಡಿಮೆಯಾಯಿತು. 1959ರಲ್ಲಿ ಅದನ್ನು ಪ್ರಕಟಿಸಿದರು. ಬೆಂಕಿ ಆರಿದ ಮೇಲೂ ಶಾಖ ಚರ್ಮದೊಳಗೆ ಇಳಿಯುತ್ತಲೇ ಇರುತ್ತದೆ, ನೀರು ಅದನ್ನು ಹೊರಗೆ ಎಳೆಯುತ್ತದೆ. ಇವತ್ತು ಜಗತ್ತಿನ ಸುಟ್ಟ ಗಾಯದ ವೈದ್ಯರು ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಾರೆ: 20 ನಿಮಿಷ ಹರಿಯುವ ತಂಪು ನೀರು. ಐಸ್ ಬೇಡ. ಪೇಸ್ಟು, ಬೆಣ್ಣೆ, ಹಿಟ್ಟು ಬೇಡ, ಅವು ಶಾಖವನ್ನು ಒಳಗೇ ಹಿಡಿದಿಡುತ್ತವೆ, ಆಳ ಎಷ್ಟೆಂದು ವೈದ್ಯರಿಗೆ ಕಾಣದಂತೆ ಮುಚ್ಚುತ್ತವೆ. ಸೊಪ್ಪಿನ ಮಾತೇನಿದ್ದರೂ ಇದಾದ ಮೇಲೆ, ಅದೂ ಹಗುರ ಗಾಯಕ್ಕೆ.

ಈಗ ನಮ್ಮೂರಿಗೆ ವಾಪಸು ಬರೋಣ. 2001ರ ಫೆಬ್ರವರಿ 28ರಂದು ಗಣಿ ನಿಂತಿತು. ಗಣಿಯ ಜೊತೆ ಆ ದೊಡ್ಡ ಆಸ್ಪತ್ರೆಯ ಕಾಲವೂ ಮುಗಿಯಿತು. ಈಗ ಹೆಚ್ಚು ಸುಟ್ಟವರನ್ನು ಕೋಲಾರಕ್ಕೆ, ಅಲ್ಲಿಂದ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಬರ್ನ್ಸ್ ವಾರ್ಡಿಗೆ ಸಾಗಿಸಬೇಕು. ದೂರ ಹೆಚ್ಚಾದಷ್ಟೂ ಮನೆಮದ್ದಿನ ಮೇಲೆ ಭಾರ ಹೆಚ್ಚು. ಸೊಪ್ಪು ಹಿಂಡುವ ನಮ್ಮವರನ್ನು ಅಜ್ಞಾನಿಗಳು ಎಂದು ಬೈಯುವವರು ಈ ದೂರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

20 ನಿಮಿಷ ಹರಿಯುವ ನೀರು ಅನ್ನುವವರು ನಮ್ಮ ನಲ್ಲಿಯನ್ನೂ ನೋಡಿಲ್ಲ. ಗಣಿ ಕಂಪನಿಯವರು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ ಕೊಳವೆಯಲ್ಲಿ ನೀರು ತಂದಿದ್ದರು. ಇವತ್ತು ನೀರು ಬರುವ ದಿನ ಯಾವುದೆಂದು ಕಾದು, ಕೊಡ ಸಾಲಿಟ್ಟು ಹಿಡಿಯುವ ಮನೆಗಳೇ ಹೆಚ್ಚು. ಹೊಸ ಕೊಡದ ನೀರನ್ನು ಕೈಮೇಲೆ ಸುರಿಯಲು ಮನಸ್ಸು ಹಿಂಜರಿಯುತ್ತದೆ, ಪೇಸ್ಟಿನ ಟ್ಯೂಬು ಕೈಗೆ ಹತ್ತಿರ. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇವೆ. ನಲ್ಲಿ ಇಲ್ಲದಿದ್ದರೆ ಲೋಟದಲ್ಲಿ ಸಣ್ಣಗೆ ಸುರಿದರೂ ಆಗುತ್ತದೆ. ನೀರು ತೀರಾ ಕಡಿಮೆ ಇದ್ದರೆ ಶುದ್ಧ ಬಟ್ಟೆಯನ್ನು ಒದ್ದೆ ಮಾಡಿ ಹೊದಿಸಿ, ಬಿಸಿಯಾದ ಹಾಗೆ ಬದಲಿಸುತ್ತಿರಬಹುದು. ಬಳೆ, ಉಂಗುರ, ದಾರ ಊದುವ ಮುಂಚೆಯೇ ತೆಗೆಯಬೇಕು. ಬೊಬ್ಬೆ ಒಡೆಯಬಾರದು. ಅಂಗೈಗಿಂತ ಅಗಲ ಸುಟ್ಟಿದ್ದರೆ, ಮುಖ, ಕೈ, ಕೀಲು, ಗುಪ್ತಾಂಗ ಸುಟ್ಟಿದ್ದರೆ, ಕರೆಂಟಿನಿಂದಲೋ ಆಸಿಡ್ಡಿನಿಂದಲೋ ಆಗಿದ್ದರೆ, ಸುಟ್ಟದ್ದು ಮಗುವಾಗಿದ್ದರೆ, ಯಾವ ಎಲೆಗೂ ಕಾಯದೆ 108ಕ್ಕೆ ಫೋನು ಮಾಡಬೇಕು. ಸುಟ್ಟ ಜಾಗ ಬಿಳಿಯಾಗಿಯೋ ಕಪ್ಪಾಗಿಯೋ ಇದ್ದು ನೋವೇ ಇಲ್ಲದಿದ್ದರೂ ಅಷ್ಟೇ. ಅಲ್ಲಿ ನರವೂ ಸುಟ್ಟಿದೆ ಎಂದರ್ಥ.

ಮನೆಯಲ್ಲಿ ಆ ಹೊತ್ತಿಗೆ ನೀರೇ ಇಲ್ಲದಿದ್ದರೆ ಪಕ್ಕದ ಲೈನಿನಿಂದ ತಂದು ಸುರಿದರೂ ತಡವೇನಲ್ಲ. ಬೇಗ ಸುರಿದಷ್ಟೂ ಒಳ್ಳೆಯದು, ಆದರೆ ಸುಟ್ಟು ಮೂರು ಗಂಟೆಯೊಳಗೆ ಸುರಿದ ನೀರಿನಿಂದಲೂ ಉಪಯೋಗವಿದೆ ಎನ್ನುತ್ತಾರೆ ಸುಟ್ಟ ಗಾಯದ ವೈದ್ಯರು.